ಅತ್ತೆಯ ಹೆಸರಿನಲ್ಲಿ ನಲವತ್ತೊಂದು ಹಸು

ಅರಸೀಕೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮೆಟ್ಟಿಲ ಕೆಳಗೆ ಒಂದು ಕೋಣೆಯಿದೆ. ಕಿಟಕಿಯಿಲ್ಲ. ಬಾಗಿಲಿಗೆ ಸ್ಪ್ರಿಂಗ್ ಹಾಕಿದ್ದಾರೆ, ತಳ್ಳಿಕೊಂಡು ಒಳಗೆ ಹೋದರೆ ಅದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಒಳಗೆ ಒಂದು ಕುರ್ಚಿ, ಒಂದು ಸ್ಟೂಲು, ಒಂದು ಎಸಿ, ಒಂದು ಯಂತ್ರ, ಮತ್ತೆ ಒಂಬತ್ತು ವರ್ಷದಿಂದ ನಾನು. ಯಾರಾದರೂ ಮೆಟ್ಟಿಲು ಹತ್ತಿದರೆ ನನ್ನ ನೆತ್ತಿಯ ಮೇಲೇ ಹತ್ತಿದ ಹಾಗೆ ಕೇಳಿಸುತ್ತದೆ. ಚಪ್ಪಲಿಯ ಸದ್ದಿನಲ್ಲೇ ಹೇಳಬಲ್ಲೆ, ಹೋಗುತ್ತಿರುವುದು ನರ್ಸೋ ರೋಗಿಯ ಕಡೆಯವರೋ ಅಂತ.

ಆ ಯಂತ್ರದ ಕೆಲಸ ರಕ್ತದ ಹುಳಿ ಅಳೆಯುವುದು. ಓದಿದವರು ಆಮ್ಲ, ಪ್ರತ್ಯಾಮ್ಲ ಅನ್ನುತ್ತಾರೆ. ನಮ್ಮ ಅತ್ತೆಗೆ ಅರ್ಥವಾಗಲಿ ಅಂತ ಒಂದು ಸಲ ಹುಳಿ ಅಂದಿದ್ದಕ್ಕೆ, "ನೆತ್ರ ಹುಳಿಯಾಗಾಕೆ ಅದೇನು ಮಜ್ಜಿಗೆನಾ?" ಅಂತ ನನ್ನ ಓದನ್ನೇ ನಿವಾಳಿಸಿ ಎಸೆದಿದ್ದರು. ವಿಷಯ ಇಷ್ಟೇ. ರಕ್ತಕ್ಕೆ ಹುಳಿ ಏರದಂತೆ ತಡೆಯುವುದಕ್ಕೆ ಅದರಲ್ಲೇ ಒಂದು ಸೋಡಾ ಇರುತ್ತದೆ, ಬೈಕಾರ್ಬೊನೇಟು. ಬೋಂಡದ ಹಿಟ್ಟಿಗೆ ಹಾಕುವ ಸೋಡಾದ್ದೇ ಜಾತಿ. ಇನ್ನೊಂದು ಕಡೆಯಿಂದ ಶ್ವಾಸಕೋಶ ಕಾರ್ಬನ್ ಡೈಆಕ್ಸೈಡನ್ನು ಹೊರಗೆ ಹಾಕುತ್ತಿರಬೇಕು. ಎರಡರಲ್ಲಿ ಯಾವುದು ತಪ್ಪಿದರೂ ತಕ್ಕಡಿ ವಾಲುತ್ತದೆ. ಯಂತ್ರ ಎರಡು ನಿಮಿಷದಲ್ಲಿ ಚೀಟಿ ಕೊಡುತ್ತದೆ. ಸರಿಯಿದ್ದರೆ ಬರೀ ಅಂಕಿ, ಹೆಚ್ಚಾಗಿದ್ದರೆ ಮೇಲಕ್ಕೊಂದು ಬಾಣ, ಕಡಿಮೆಯಾಗಿದ್ದರೆ ಕೆಳಕ್ಕೊಂದು ಬಾಣ.

ಈ ಮಹಾರಾಯನನ್ನು ಆರಿಸುವ ಹಾಗಿಲ್ಲ. ದಿನಕ್ಕೆ ಹಲವು ಸಲ ಗರ್ ಅಂತ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತದೆ. ಆಗ ಏನಾದರೂ ಹೆಚ್ಚುಕಮ್ಮಿಯಾದರೆ ಕಿರುಚುತ್ತದೆ. ಕಿರುಚಿದರೆ ಸಮಾಧಾನ ಮಾಡಲು ಬರುವುದು ಇಡೀ ಆಸ್ಪತ್ರೆಯಲ್ಲಿ ನನಗೊಬ್ಬಳಿಗೇ. ಗೌರಿ ಹಬ್ಬಕ್ಕೆ ಗಂಡಸಿ ಊರಿನ ತವರಿಗೆ ಹೋದವಳನ್ನು ಬಾಗಿನ ಕೊಡುವ ಮೊದಲೇ ಫೋನು ಮಾಡಿ ಕರೆಸಿಕೊಂಡಿದ್ದರು. ಮನೆ ಜಾವಗಲ್‌ಗಿಂತ ಈಚೆ ಒಂದು ಹಳ್ಳಿ. ಗಂಡನಿಗೆ ಬೇಲೂರಿನ ಕಾಲೇಜೊಂದರಲ್ಲಿ ಗುಮಾಸ್ತಿಕೆ, ಬರುವುದು ಶನಿವಾರ. ಉಳಿದ ದಿನ ನಾನು ಮತ್ತು ಅತ್ತೆ. ಬಸ್ಸು ಹತ್ತು ನಿಮಿಷ ತಡವಾದರೆ ಬಾಗಿಲಲ್ಲೇ ನಿಂತು "ಎಲ್ಲಿದ್ದೆ?" ಅನ್ನುವವರು. ಅಲ್ಲಿ ಯಂತ್ರ, ಇಲ್ಲಿ ಅತ್ತೆ. ಎರಡಕ್ಕೂ ನಾನು ಕಣ್ಣೆದುರಿಗೇ ಇರಬೇಕು. ಒಂದೊಂದು ದಿನ ಬಸ್ಸಿನಲ್ಲಿ ಕೂತ ಆ ಮುಕ್ಕಾಲು ಗಂಟೆಯೇ ನನ್ನ ಆಯುಷ್ಯ ಅನ್ನಿಸುತ್ತಿತ್ತು.

ಮೂರು ವರ್ಷದ ಹಿಂದೆ ಪಕ್ಕದ ಮನೆಯಲ್ಲಿ ಮದುವೆಯಾಯಿತು. ಮಿಕ್ಕ ಅನ್ನವನ್ನು ತಿಪ್ಪೆಗೆ ಸುರಿದಿದ್ದರು. ಅತ್ತೆಯ ಹಸು ಹಗ್ಗ ಬಿಚ್ಚಿಕೊಂಡು ಹೋಗಿ ಹೊಟ್ಟೆ ಬಿರಿಯುವಷ್ಟು ತಿಂದು ಬಂತು. ಮಾರನೆಯ ದಿನ ಎದ್ದು ನಿಲ್ಲಲಿಲ್ಲ, ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಮಲಗಿತ್ತು. ಸಗಣಿ ಹುಳಿ ನಾತ ಹೊಡೆಯುತ್ತಿತ್ತು. ಜಾವಗಲ್‌ನಿಂದ ದನದ ಡಾಕ್ಟರು ಬಂದರು. ನಿಧಾನದ ಮನುಷ್ಯ, ಬೈಕಿನಲ್ಲಿ ಹಳೇಬೀಡಿನವರೆಗೂ ಸುತ್ತುವವರು.

"ಹೊಟ್ಟೆ ಹುಳಿಯಾಗಿ ರಕ್ತಕ್ಕೂ ಏರಿದೆ. ಸೋಡಾ ಡ್ರಿಪ್ ಕೊಡ್ಬೇಕು. ಎಷ್ಟು ಕೊಡ್ಬೇಕು ಅನ್ನೋದೇ ತಾಪತ್ರಯ. ರಕ್ತ ಅಳೆದು ನೋಡೋ ಹಾಗಿದ್ರೆ ಲೆಕ್ಕ ಸಿಗ್ತಿತ್ತು. ಅಂದಾಜಿನ ಮೇಲೆ ಕೊಡ್ತೀನಿ, ನೋಡೋಣ," ಅಂದರು.

ನನ್ನ ಬಾಯಿಗೆ ಆವತ್ತು ಬೀಗ ಹಾಕಬೇಕಿತ್ತು. "ಅಳೆಯೋ ಮಿಷನ್ ನಾನೇ ನಡೆಸೋದು ಸಾರ್" ಅಂದುಬಿಟ್ಟೆ.

ಅತ್ತೆ ನನ್ನ ಕೈ ಹಿಡಿದುಕೊಂಡರು. ಮದುವೆಯಾಗಿ ಬಂದ ಮೇಲೆ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು. "ನೋಡೇ ತಾಯಿ, ಏನಾರ ಮಾಡು" ಅಂದರು. ಯಾರ ಮುಂದೆಯೂ ಬೇಡಿದವರಲ್ಲ ಅವರು. ನಾನು ಕರಗಿ ನೀರಾದೆ.

ಡಾಕ್ಟರು ಹಸುವಿನ ಕತ್ತಿನ ನರದಿಂದ ರಕ್ತ ಎಳೆದು, ಗಾಳಿಗುಳ್ಳೆ ಇಲ್ಲದಂತೆ ಸಿರಿಂಜಿನ ಬಾಯಿ ಮುಚ್ಚಿ, ಐಸು ತುಂಬಿದ ಫ್ಲಾಸ್ಕಿನಲ್ಲಿಟ್ಟು ಕೊಟ್ಟರು. ನಾನು ಸೆರಗಿನಲ್ಲಿ ಮುಚ್ಚಿಕೊಂಡು ಬಸ್ಸು ಹತ್ತಿದೆ. ಕೋಣೆಯ ಗೋಡೆಗೆ, 'ಈ ಯಂತ್ರ ಆಸ್ಪತ್ರೆಯ ರೋಗಿಗಳಿಗೆ ಮಾತ್ರ' ಅಂತ ದೊಡ್ಡ ಡಾಕ್ಟರು, ಅಂದರೆ ಆಸ್ಪತ್ರೆಯ ಯಜಮಾನರು, ಅಂಟಿಸಿದ ಚೀಟಿಯಿದೆ. ಅದಕ್ಕೆ ಬೆನ್ನು ಹಾಕಿ ಕೂತೆ. ಯಂತ್ರವೋ ಮೊದಲು ಕೇಳುವುದೇ ರೋಗಿಯ ಹೆಸರು, ನಂಬರು. ಕೊಡದಿದ್ದರೆ ಒಂದು ತೊಟ್ಟೂ ಹೀರುವುದಿಲ್ಲ. ದನದ ಡಾಕ್ಟರಿಗೆ ಫೋನು ಮಾಡಿದೆ. "ಯಾರ ಹೆಸರು ಹಾಕ್ಲಿ ಸಾರ್?"

"ಒಡೇರ ಹೆಸರು ಹಾಕಿ" ಅಂದರು, ಯೋಚನೆಯನ್ನೂ ಮಾಡದೆ.

ದನದ ಆಸ್ಪತ್ರೆಯ ರಿಜಿಸ್ಟರಿನಲ್ಲಿ ಹಸುವಿಗೆ ಹೆಸರಿರುವುದಿಲ್ಲ. ಬಣ್ಣ, ವಯಸ್ಸು, ಎಷ್ಟನೆಯ ಸೂಲು, ಆಮೇಲೆ ಒಡೆಯರ ಹೆಸರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಸು ಅತ್ತೆಯದು. ಹಿಂದೊಮ್ಮೆ ಬಿ.ಪಿ. ನೋಡಿಸಲು ಕರೆತಂದಿದ್ದರಿಂದ ನಮ್ಮ ಕಂಪ್ಯೂಟರಿನಲ್ಲಿ ಅವರದ್ದೊಂದು ನಂಬರೂ ಇತ್ತು. ಒತ್ತಿದೆ.

ಬೈಕಾರ್ಬೊನೇಟು ಹತ್ತೊಂಬತ್ತು ಬಂತು, ಪಕ್ಕದಲ್ಲಿ ಕೆಳಕ್ಕೊಂದು ಬಾಣ. "ಸ್ವಲ್ಪ ಕಮ್ಮಿ ಇದೆ ಸಾರ್, ಗಾಬರಿ ಪಡೋ ಅಷ್ಟೇನಿಲ್ಲ" ಅಂದೆ ಫೋನಿನಲ್ಲಿ.

"ಮನುಷ್ಯರಿಗೆ ಅಷ್ಟೇನಿಲ್ಲಮ್ಮ. ಹಸುಗೆ ಇಪ್ಪತ್ತೆಂಟರ ಆಸುಪಾಸು ಇರ್ಬೇಕು. ಇದು ಬಹಳ ಕಮ್ಮಿ," ಅಂದವರು ಹಸುವಿನ ತೂಕ ಅಂದಾಜು ಮಾಡಿ ಲೆಕ್ಕ ಹಾಕಿ ಸೋಡಾ ಹರಿಸಿದರು. ಮೂರನೆಯ ದಿನ ಹಸು ಎದ್ದು ನಿಂತಿತು. "ಮೆಲುಕು ಹಾಕ್ತಾ ಐತೆ ನೋಡೇ, ಮೆಲುಕು ಹಾಕ್ತಾ ಐತೆ!" ಅಂತ ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೋ, ಹೆತ್ತ ಮಗು ಮೊದಲ ಹೆಜ್ಜೆ ಇಟ್ಟಷ್ಟು ಖುಷಿ.

ಒಂದಕ್ಕೆ ಮಾಡಿದ ಮೇಲೆ ಇನ್ನೊಂದಕ್ಕೆ ಆಗುವುದಿಲ್ಲ ಅನ್ನಲು ಮುಖ ಬೇಕಲ್ಲ. ಹದಿನೈದು ದಿನಕ್ಕೊಂದು, ತಿಂಗಳಿಗೊಂದು ಅಂತ ಫ್ಲಾಸ್ಕು ಬರತೊಡಗಿತು. ಕರು ಹಾಕಿ ಎರಡು ಮೂರು ವಾರಕ್ಕೆ ಕೆಲವು ಹಸು ಮೇವು ಬಿಡುತ್ತವೆ. ಅವುಗಳ ಹೊಟ್ಟೆಯ ಒಂದು ಭಾಗ ಜಾಗ ಬಿಟ್ಟು ಸರಿದಿರುತ್ತದೆ. ಆಗ ರಕ್ತದಲ್ಲಿ ಹುಳಿ ಏರುವುದಿಲ್ಲ, ಇಳಿದುಹೋಗಿ ಸೋಡಾವೇ ಅತಿಯಾಗುತ್ತದೆ. ನಮ್ಮ ಜನ ಮೇವು ಬಿಟ್ಟ ಹಸುವಿಗೆಲ್ಲ ಕಣ್ಣು ಮುಚ್ಚಿಕೊಂಡು ಸೋಡಾ ಕುಡಿಸುತ್ತಾರೆ. ಇಂಥದ್ದಕ್ಕೆ ಅದು ವಿಷ, ಬೇಕಾದದ್ದು ಬರೀ ಉಪ್ಪಿನ ಸಲೈನು. ಹೊರಗಿನಿಂದ ನೋಡಿದರೆ ಎರಡೂ ಹಸು ಒಂದೇ ಥರ ಮಂಕಾಗಿ ನಿಂತಿರುತ್ತವೆ. ಸೋಡಾವೋ ಸಲೈನೋ, ಅದನ್ನು ಹೇಳುವುದು ನನ್ನ ಚೀಟಿ. ಹಳೇಬೀಡು, ಹುಲಿಕೆರೆ, ಜಾವಗಲ್, ಎಲ್ಲ ಕಡೆಯಿಂದ ಡಾಕ್ಟರು ಫ್ಲಾಸ್ಕನ್ನು ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟು ಫೋನು ಮಾಡುವರು. ನಾನು ಊಟ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡುವೆ. "ಏನ್ ಮೇಡಂ, ಮಧ್ಯಾಹ್ನ ಮಧ್ಯಾಹ್ನ ಟೀ ತರಿಸ್ಕೋತೀರಾ?" ಅಂತ ಕಂಡಕ್ಟರು ನಗುವನು. ಯಂತ್ರ ನಂಬರು ಕೇಳಿದರೆ ಅತ್ತೆಯದೇ. ಬೆರಳಿಗೆ ಅದು ಬಾಯಿಪಾಠವಾಗಿತ್ತು. ಬೇರೆ ರೋಗಿಯ ಹೆಸರು ಹಾಕಿದರೆ ಅವರಿಗೆ ತೊಂದರೆಯಾದೀತು ಅಂತ ನನ್ನ ಬುದ್ಧಿವಂತಿಕೆ ಬೇರೆ!

ಒಂದು ಸಲ ಡಾಕ್ಟರು ಹೋಲಿಸಿ ನೋಡಲೆಂದು ಆರೋಗ್ಯವಾಗಿರುವ ಹಸುವಿನ ರಕ್ತವನ್ನೇ ಕಳಿಸಿದ್ದರು. ಯಂತ್ರ ಮೇಲಕ್ಕೊಂದು, ಮೇಲಕ್ಕೊಂದು ಬಾಣ ಹಾಕಿ ಗಲಾಟೆ ಎಬ್ಬಿಸಿತು. ಬೈಕಾರ್ಬೊನೇಟು ಹೆಚ್ಚು, ಕಾರ್ಬನ್ ಡೈಆಕ್ಸೈಡೂ ಹೆಚ್ಚು. ಹೆಚ್ಚಿಲ್ಲದೆ ಏನು? ಹಸುವಿನ ರಕ್ತದ ಹದವೇ ಬೇರೆ, ಮೈ ಬಿಸಿಯೂ ನಮಗಿಂತ ಜಾಸ್ತಿ. ಮೇಲಾಗಿ ಮನುಷ್ಯರಿಗೆ ಮಣಿಕಟ್ಟಿನ ಅಪಧಮನಿಯಿಂದ ತೆಗೆದರೆ ಹಸುವಿಗೆ ಕತ್ತಿನ ಅಭಿಧಮನಿಯಿಂದ ತೆಗೆಯುವುದು, ಅದರಲ್ಲಿ ಕಾರ್ಬನ್ ಡೈಆಕ್ಸೈಡು ಹೆಚ್ಚೇ ಇರುತ್ತದೆ. ಹುಲ್ಲು ಮೇಯುತ್ತಾ ಸುಖವಾಗಿದ್ದ ಹಸುವನ್ನು ಯಂತ್ರ ಹೆಂಗಸು ಅಂತ ನಂಬಿ, ರೋಗಿಷ್ಟೆ ಅಂತ ತೀರ್ಪು ಕೊಟ್ಟಿತ್ತು. ಆವತ್ತು ನಾನು ಒಬ್ಬಳೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ಈ ವರ್ಷ ಅತ್ತೆಗೆ ಜ್ವರ ಬಂತು. ಮೂರು ದಿನ ಕಷಾಯ ಕುಡಿದು ಯಾರಿಗೂ ಹೇಳದೆ ಕೊಟ್ಟಿಗೆ ಕೆಲಸ ಮಾಡಿದ್ದಾರೆ. ನಾಲ್ಕನೆಯ ಬೆಳಿಗ್ಗೆ ಮಾತಾಡಿದರೆ ಎರಡು ಪದಕ್ಕೊಮ್ಮೆ ಉಸಿರು ಎಳೆದುಕೊಳ್ಳುತ್ತಿದ್ದರು. ಕಾರು ಹಿಡಿದು ನಮ್ಮ ಆಸ್ಪತ್ರೆಗೇ ಕರೆತಂದೆ. ದೊಡ್ಡ ಡಾಕ್ಟರು ಊರಲ್ಲಿರಲಿಲ್ಲ. ಇದ್ದವರು ಹೊಸದಾಗಿ ಸೇರಿದ ಡಾಕ್ಟರು, ಚುರುಕಾದ ಹುಡುಗ, ಮೂರೇ ವಾರವಾಗಿತ್ತು. ಅತ್ತೆಯ ಮಣಿಕಟ್ಟಿನಿಂದ ರಕ್ತ ತೆಗೆದು ನನ್ನ ಕೈಗಿತ್ತರು. ನಾನು ಮೆಟ್ಟಿಲ ಕೆಳಗೆ ಓಡಿ ಅದೇ ನಂಬರು ಒತ್ತಿದೆ. ಮೂರು ವರ್ಷದಲ್ಲಿ ಮೊದಲ ಸಲ ಅದು ಸರಿಯಾದ ನಂಬರಾಗಿತ್ತು.

ಆಮ್ಲಜನಕ ತೀರಾ ಕಡಿಮೆ. ನಲವತ್ತರ ಆಸುಪಾಸು ಇರಬೇಕಾದ ಕಾರ್ಬನ್ ಡೈಆಕ್ಸೈಡು ನಲವತ್ತೆಂಟು. ಅಷ್ಟು ಜೋರಾಗಿ ಉಸಿರಾಡುವವರಲ್ಲಿ ಅದು ಇಳಿದಿರಬೇಕು. ಇಳಿಯದೆ ಏರಿದೆ ಅಂದರೆ ಉಸಿರೆಳೆದೂ ಎಳೆದೂ ಜೀವ ಸೋಲುತ್ತಿದೆ ಅಂತ ಅರ್ಥ. ಒಂಬತ್ತು ವರ್ಷದಲ್ಲಿ ಅಂಥ ಚೀಟಿ ಹಿಡಿದು ಎಷ್ಟು ಸಲ ಓಡಿದ್ದೇನೋ.

ಮೇಲೆ ಹೋದರೆ ಡಾಕ್ಟರು ಚೀಟಿಯನ್ನು ಬಿಟ್ಟು ಕಂಪ್ಯೂಟರು ನೋಡುತ್ತಿದ್ದರು. "ಓ, ಇವರು ಹಳೇ ಪೇಷಂಟು! ಮೂರು ವರ್ಷದ್ದು ಎಲ್ಲಾ ಇದೆ ಇಲ್ಲಿ. ನೋಡಿ, ಕಾರ್ಬನ್ ಡೈಆಕ್ಸೈಡ್ ಮುಕ್ಕಾಲು ಸಲ ಜಾಸ್ತಿನೇ. ಬೈಕಾರ್ಬ್ ಮೂವತ್ತು, ಮೂವತ್ತೆರಡು. ಒಲೆ ಹೊಗೆ ಕುಡಿದ ಶ್ವಾಸಕೋಶ. ಇವತ್ತಿನ ನಲವತ್ತೆಂಟು ಇವರಿಗೆ ಮಾಮೂಲು." ನರ್ಸಿನ ಕಡೆ ತಿರುಗಿ, "ಆಕ್ಸಿಜನ್ ಕಮ್ಮಿ ಇಡಿ ಸಿಸ್ಟರ್. ಇಂಥವರಿಗೆ ಜಾಸ್ತಿ ಕೊಟ್ರೆ ಉಲ್ಟಾ ಹೊಡೆಯುತ್ತೆ" ಅಂದರು.

ಆ ಹುಡುಗನ ಮೇಲೆ ನನಗೆ ಇವತ್ತಿಗೂ ಸಿಟ್ಟಿಲ್ಲ. ಆ ಚರಿತ್ರೆ ನಿಜವಾಗಿದ್ದರೆ ಅವರು ಮಾಡಿದ್ದೇ ಸರಿ. ಸುಳ್ಳು ಹೇಳುತ್ತಿದ್ದುದು ನನ್ನ ಹಸುಗಳು.

ಹೇಳಿದರೆ ಕೆಲಸ ಹೋಗುತ್ತದೆ, ಮಾನ ಹೋಗುತ್ತದೆ, ದನದ ಡಾಕ್ಟರಿಗೂ ಕುತ್ತು. ಹೇಳದಿದ್ದರೆ ಅತ್ತೆ. ಇದರಲ್ಲಿ ಯೋಚಿಸುವುದೇನಿದೆ ಅಂತ ನೀವು ಕೇಳುತ್ತೀರಿ. ನಾನೂ ಬೇರೆಯವರನ್ನು ಹಾಗೆಯೇ ಕೇಳುತ್ತಿದ್ದೆ. ಆದರೆ ಆ ಹೊತ್ತಿನಲ್ಲಿ ನಾಲಿಗೆ ಅರ್ಧ ನಿಜಕ್ಕಿಂತ ಮುಂದೆ ಹೊರಳಲಿಲ್ಲ. "ಸಾರ್, ಆ ಹಳೇ ರಿಪೋರ್ಟ್ ಸರಿ ಇಲ್ಲ ಅನ್ಸುತ್ತೆ" ಅಂದೆ.

ಅವರು ಎಣಿಸಿದರು. "ನಲವತ್ತೊಂದು ಇವೆ. ನಲವತ್ತೊಂದೂ ಸರಿ ಇಲ್ವಾ?" ಅಂತ ನಕ್ಕರು. "ಮನೆಯವರು ಅಂತ ಟೆನ್ಶನ್ ಆಗಿದೀರಿ. ಹೋಗಿ, ಸ್ವಲ್ಪ ನೀರು ಕುಡೀರಿ."

ನಾನು ಹೋದೆ! ಕೆಳಗೆ ಇಳಿದು ಕೋಣೆಯೊಳಗೆ ಹೋದೆ, ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಆ ಅರ್ಧ ಗಂಟೆಯನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಎಸಿಯ ಚಳಿಯಲ್ಲೂ ಬೆವರುತ್ತಾ, ಗೋಡೆಯ ಚೀಟಿ ನೋಡುತ್ತಾ, ಅವರೇ ಕಂಡುಕೊಳ್ಳುತ್ತಾರೆ, ಅವರೇ ಕಂಡುಕೊಳ್ಳಲಿ ಅಂತ ಜಪ ಮಾಡುತ್ತಾ ಕೂತಿದ್ದೆ. ನೆತ್ತಿಯ ಮೇಲೆ ಯಾರ ಹೆಜ್ಜೆಯೂ ಇರಲಿಲ್ಲ.

ಆಮೇಲೆ ನರ್ಸಿನ ಚಪ್ಪಲಿ ಧಡಧಡ ಇಳಿಯಿತು. ಎರಡನೆಯ ಸಿರಿಂಜು. ಯಂತ್ರ ಎರಡು ನಿಮಿಷ ತೆಗೆದುಕೊಂಡಿತು. ಕಾರ್ಬನ್ ಡೈಆಕ್ಸೈಡು ಐವತ್ತಾರು, ರಕ್ತ ಹುಳಿಯ ಕಡೆ ವಾಲಿ, ಹುಳಿ ಏರಿದಷ್ಟೂ ಇಳಿಯುವ ಪಿಎಚ್ ಅಂಕಿಯ ಪಕ್ಕ ಬಾಣ ಕೆಳಕ್ಕೆ. ಚೀಟಿ ಹರಿದುಕೊಂಡು ಮೇಲಕ್ಕೆ ಹಾರಿದೆ. ಮಂಚದ ಮೇಲೆ ಅತ್ತೆಯ ಕಣ್ಣು ಮುಚ್ಚಿ ಮುಚ್ಚಿ ಹೋಗುತ್ತಿತ್ತು.

"ಸಾರ್, ಅವು ಹಸು" ಅಂದೆ.

"ಏನಂದ್ರಿ?"

"ನಲವತ್ತೊಂದೂ ಹಸು ಸಾರ್. ದನದ ರಕ್ತ. ನಾನೇ ಹಾಕಿದ್ದು. ನಮ್ಮ ಅತ್ತೇದು ಇವತ್ತಿನ ಎರಡೇ ಎರಡು. ಅವರಿಗೆ ಯಾವತ್ತೂ ಉಸಿರಿನ ಕಾಯಿಲೆ ಇರ್ಲಿಲ್ಲ. ನನ್ನನ್ನ ಆಮೇಲೆ ಬೈರಿ ಸಾರ್, ಮೊದ್ಲು ಆಕ್ಸಿಜನ್ ಏರಿಸಿ!"

ಪಕ್ಕದ ಮಂಚದ ಕಡೆಯವರಾರೋ ಕಿಸಕ್ಕೆಂದರು. ಡಾಕ್ಟರು ನಗಲಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ ಕೆಲಸಕ್ಕೆ ಇಳಿದರು. ಆಕ್ಸಿಜನ್ ಏರಿತು, ಉಸಿರನ್ನು ಒಳಕ್ಕೆ ತಳ್ಳುವ ಮಾಸ್ಕು ಬಂತು, ಎಕ್ಸರೆಯಲ್ಲಿ ನ್ಯುಮೋನಿಯಾ ಕಂಡಿತು. ಸಂಜೆಯ ಚೀಟಿಯಲ್ಲಿ ನಲವತ್ತೆರಡು. ಅಷ್ಟೂ ಹೊತ್ತು ಅತ್ತೆ ಮಾಸ್ಕಿನ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಕೇಳಿಸಿಕೊಂಡಿದ್ದರೋ ಇಲ್ಲವೋ ತಿಳಿಯಲಿಲ್ಲ.

ಮಾರನೆಯ ದಿನ ದೊಡ್ಡ ಡಾಕ್ಟರು ಎಲ್ಲವನ್ನೂ ನನ್ನ ಕೈಯಲ್ಲೇ ಬರೆಸಿ ಸಹಿ ಹಾಕಿಸಿಕೊಂಡರು. "ನಿನ್ನನ್ನ ಈಗಲೇ ಕಳಿಸಬೇಕು. ಕಳಿಸಿದ್ರೆ ಆ ಮಿಷನ್ ಮುಂದೆ ಯಾರನ್ನ ಕೂರಿಸ್ಲಿ? ಒಂದೇ ಒಂದು ಹನಿ ಪ್ರಾಣಿ ರಕ್ತ ಇನ್ನು ಆ ಕೋಣೆಗೆ ಬಂದ್ರೆ ಈ ಕಾಗದ ಪೊಲೀಸರಿಗೆ ಹೋಗುತ್ತೆ" ಅಂದು ಅದನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. ಕೆಲಸ ಉಳಿಯಿತು ಅಂತ ಖುಷಿಪಡಬೇಕಿತ್ತು. ನನಗೆ ಅನ್ನಿಸಿದ್ದು, ಆ ಡ್ರಾಯರಿನೊಳಗೆ ಹೋದದ್ದು ಕಾಗದವಲ್ಲ, ನಾನೇ. ಶನಿವಾರ ಬಂದ ಗಂಡ ಒಂದೇ ಮಾತು ಆಡಿದ್ದು. "ಅಮ್ಮನ್ನ ಹಸು ಮಾಡ್ಬಿಟ್ಟಲ್ಲೇ."

ಅತ್ತೆ ಮನೆಗೆ ಬಂದು ಎರಡು ವಾರವಾದರೂ ಅದರ ಬಗ್ಗೆ ಬಾಯಿ ಬಿಡಲಿಲ್ಲ. ಬೈದುಬಿಟ್ಟಿದ್ದರೆ ಹಗುರಾಗುತ್ತಿತ್ತು. ಮತ್ತೆ ತೋರಿಸಲು ಕರೆತಂದ ದಿನ, ಮೇಲೆ ಕೂರಲು ಜಾಗವಿಲ್ಲದೆ ನನ್ನ ಕೋಣೆಯ ಸ್ಟೂಲಿನ ಮೇಲೆ ಕೂರಿಸಿದೆ. ಚೀಟಿ ಬಂತು. ಒಂದೂ ಬಾಣವಿಲ್ಲ.

"ಎಲ್ಲಾ ನಾರ್ಮಲ್ ಅತ್ಯಮ್ಮ" ಅಂದೆ.

"ಮನುಸ್ರ ನಾರ್ಮಲ್ಲಾ, ಹಸೀನ ನಾರ್ಮಲ್ಲಾ?"

ನಗು ಬಂತು, ನಗುನಗುತ್ತಲೇ ಅಳು ಬಂತು. ನಾನು ಕಣ್ಣೊರೆಸಿಕೊಳ್ಳುವವರೆಗೆ ಅತ್ತೆ ಕಾದರು. ಆಮೇಲೆ ಕೇಳಿದರು. "ನನ್ ಹೆಸ್ರಲ್ಲಿ ಇದ್ವಲ್ಲ, ಅವು ಉಳ್ಕಂಡ್ವೇನೇ?"

"ಸುಮಾರು ಉಳ್ಕೊಂಡ್ವು ಅತ್ಯಮ್ಮ. ಹತ್ತರಲ್ಲಿ ಎಂಟು ಅಂತ ಡಾಕ್ಟರು ಹೇಳೋರು."

"ಹೂಂ" ಅಂದರು. ಗೋಡೆ ನೋಡಿದರು, ಸೂರು ನೋಡಿದರು, ಮುಚ್ಚಿದ ಬಾಗಿಲು ನೋಡಿದರು. ನೆತ್ತಿಯ ಮೇಲೆ ಯಾರೋ ಮೆಟ್ಟಿಲು ಹತ್ತಿದರು, ಅತ್ತೆ ಬೆಚ್ಚಿ ತಲೆ ತಗ್ಗಿಸಿಕೊಂಡರು. "ಇದ್ರೊಳ್ಗಾ ನೀನು ಒಂಬತ್ ವರ್ಸದಿಂದ ಕೂತಿರಾದು?"

ಅಷ್ಟರಲ್ಲಿ ಫೋನು ಬಂತು. ದನದ ಡಾಕ್ಟರು. ಹುಲಿಕೆರೆಯಲ್ಲಿ ಒಂದು ಹಸು, ಕರು ಹಾಕಿ ಇಪ್ಪತ್ತು ದಿನ, ಮೇವು ಬಿಟ್ಟಿದೆ, ಆದರೆ ಸಗಣಿ ಹುಳಿ ನಾತ ಹೊಡೆಯುತ್ತಿದೆ. "ಗೊತ್ತಮ್ಮ, ನೀವು ಬೇಡ ಅಂದಿದೀರಿ. ಸೋಡಾನೋ ಸಲೈನೋ ತಿಳೀತಿಲ್ಲ. ಇದೊಂದು ಸಲ," ಅಂದರು. ಅವರ ಹಿಂದೆ ಯಾವುದೋ ಹೆಂಗಸು ಹಸುವನ್ನು ಮಾತಾಡಿಸುತ್ತಿರುವುದು ಕೇಳಿಸುತ್ತಿತ್ತು.

"ಆಗಲ್ಲ ಸಾರ್" ಅಂದೆ.

"ಸರಿ ಬಿಡಿ. ಅಂದಾಜಿನ ಮೇಲೆ ಕೊಡ್ತೀನಿ."

ಫೋನು ಇಟ್ಟೆ. ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಸಂಜೆ ಇಬ್ಬರೂ ಬಸ್ಸು ಹಿಡಿದು ಮನೆಗೆ ಹೋದೆವು.

ಬೆಳಿಗ್ಗೆ ಎದ್ದು ನೋಡಿದರೆ ಫೋನಿನಲ್ಲಿ ದನದ ಡಾಕ್ಟರ ಎರಡು ಸಾಲು. ಸೋಡಾ ಕೊಟ್ಟಿದ್ದೆ. ಹೋಯ್ತು.

ರಕ್ತ ನೋಡಿದ್ದರೆ ಉಳಿಯುತ್ತಿತ್ತು ಅಂತ ಯಾರೂ ಹೇಳಲಾರರು. ಉಳಿಯುತ್ತಿರಲಿಲ್ಲ ಅಂತಲೂ ಹೇಳಲಾರರು. ಕೊಟ್ಟಿಗೆಗೆ ಹೋಗಿ ಅತ್ತೆಗೆ ಓದಿ ಹೇಳಿದೆ. ಹಾಲು ಕರೆಯಲು ಕೂತವರು ತಂಬಿಗೆ ಕೆಳಗಿಟ್ಟರು. ಅದೇ ಹಸು, ಮದುವೆ ಅನ್ನ ತಿಂದು ಅವರ ಹೆಸರಿನಲ್ಲಿ ಬದುಕಿದ್ದು, ಮೆಲುಕು ಹಾಕುತ್ತಾ ನಿಂತಿತ್ತು.

"ನನ್ ಉಸ್ರಿಗೆ ಅದು ಹೋಯ್ತು ಕಣೇ" ಅಂದರು.

ಅವರು ಎದ್ದು ಕರುವಿನ ಹಗ್ಗ ಬಿಚ್ಚಿದರು. ಅದು ಓಡಿಹೋಗಿ ಕೆಚ್ಚಲಿಗೆ ಬಾಯಿ ಹಾಕಿತು. ಅಷ್ಟೂ ಹಾಲನ್ನು ಕುಡಿಯಲು ಬಿಟ್ಟು, ಖಾಲಿ ತಂಬಿಗೆ ಹಿಡಿದು ಅತ್ತೆ ಒಳಗೆ ಹೋದರು.

ಎಂಟೂ ಹತ್ತರ ಬಸ್ಸು ತಿರುವಿನಲ್ಲಿ ಹಾರ್ನು ಹೊಡೆಯಿತು. ನಾನು ಅಲ್ಲೇ ನಿಂತಿದ್ದೆ.

"ಹೋಗೇ" ಅಂತ ಒಳಗಿನಿಂದ ಕೂಗಿದರು. "ಹೊತ್ತಾಯ್ತು. ನಿನ್ ಮಿಸಿನ್ನು ಎಲ್ಲಿದ್ದೆ ಅಂತ ಕೇಳ್ತದೆ."